ಮಾಸ್ತಪ್ಪ ಕಲ್ಲು ಬೇಯಿಸಿದ್ದು

ಮೂಟೆ ಬಿಚ್ಚುವ ಮೊದಲೇ ಒಳಗಿನ ಅಡಿಕೆಯ ಜಾತಕ ಹೇಳಬಲ್ಲವರು ಆಗ ಸಾಗರದ ಮಂಡಿಗಳಲ್ಲಿ ಇಬ್ಬರೇ ಇದ್ದರು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಉಳಿದವನು ನಮ್ಮ ಬೀದಿಯ ಮಾಸ್ತಪ್ಪ.

ಮಾಸ್ತಪ್ಪನ ಹತ್ತಿರ ಮೂರು ಪರೀಕ್ಷೆಗಳಿದ್ದವು. ಮೊದಲು ಕೈ. ಅಡಿಕೆಯನ್ನು ಅಂಗೈಯಲ್ಲಿ ಹೊರಳಿಸಿ ನುಣುಪು ನೋಡುವುದು. ಆಮೇಲೆ ಕಿವಿ. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಕುಲುಕಿ, ಒಣಗಿದೆಯೋ ಇಲ್ಲವೋ ಕೇಳುವುದು. ಕೊನೆಗೆ ಹಲ್ಲು. ಮೂರೂ ಮುಗಿದ ಮೇಲೆ "ಹಸ" ಎಂದನೆಂದರೆ ಮೊದಲ ದರ್ಜೆ. "ಗೊರಬಲು" ಎಂದು ಮುಖ ತಿರುಗಿಸಿದನೆಂದರೆ ಮುಗಿಯಿತು, ಅದಕ್ಕಿಂತ ಕೆಳಗೆ ದರ್ಜೆಯೇ ಇಲ್ಲ. ಮಂಡಿಯಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಜಗತ್ತಿನ ಸಕಲ ವಸ್ತುಗಳೂ ಹಸಕ್ಕೂ ಗೊರಬಲಿಗೂ ನಡುವೆಯೇ ಇವೆ ಎಂದು ಅವನಿಗೆ ಖಚಿತವಾಗಿತ್ತು. ಹೋರಿ, ಕಂಬಳಿ, ಹಲಸಿನ ಹಣ್ಣು, ಚುನಾವಣೆಗೆ ನಿಂತವರ ಭಾಷಣ, ಎಲ್ಲವೂ. ಒಮ್ಮೆ ನನ್ನ ಹೊಸ ಶರಟಿನ ತೋಳು ಹಿಡಿದು ನೋಡಿ "ಗೊರಬಲು" ಎಂದ. ಕಚ್ಚಿ ನೋಡಲಿಲ್ಲ, ಅದು ನನ್ನ ಪುಣ್ಯ.

ಇಂಥವನ ಮನೆಗೆ ಅವನ ಅತ್ತೆ ಕೆರಿಯಮ್ಮ ಬಂದಳು. ಕೆರಿಯಮ್ಮನ ಊರು ಶರಾವತಿಯ ದಂಡೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಶರಾವತಿಯ ಅಡಿಯಲ್ಲಿತ್ತು. ಬರುವಾಗ ಆಕೆ ತಂದದ್ದು ಹಗ್ಗ ಸುತ್ತಿದ ಒಂದು ಗಂಟು, ಮತ್ತು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಒಂದು ಕೆಂಪು ಕಲ್ಲು.

ಕಲ್ಲು ಗಾತ್ರದಲ್ಲಿ ಅಡಿಕೆಯಷ್ಟೇ. ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ಕನ್ನಡಿಯ ಹಾಗೆ. ಕೆರಿಯಮ್ಮನ ಮಾವನ ಅಪ್ಪನಿಗೆ ಗದ್ದೆ ಉಳುವಾಗ ಸಿಕ್ಕಿದ್ದಂತೆ. ಯಾವ ಪುಣ್ಯಾತ್ಮನೋ ಅದನ್ನು ಅಡಿಗೆಮನೆಯ ಪಡುವಣ ಗೋಡೆಯ ಬೆಳಕಿಂಡಿಯಲ್ಲಿ ಮಣ್ಣು ಮೆತ್ತಿ ಕೂರಿಸಿದ್ದ. ಹೊತ್ತು ಇಳಿಯುವಾಗ ಬಿಸಿಲು ಅದರೊಳಗೆ ತೂರಿ ಎದುರು ಗೋಡೆಯ ಮೇಲೆ ಒಂದು ಕೆಂಪು ಚುಕ್ಕಿ ಬೀಳುತ್ತಿತ್ತು. ಚುಕ್ಕಿ ಮೆಲ್ಲಗೆ ಏರುತ್ತಾ ಏರುತ್ತಾ ಹಲಗೆಯ ಮೇಲಿನ ಮರದ ಉಪ್ಪಿನ ಮರಿಗೆಯನ್ನು ಮುಟ್ಟಿದರೆ ಅನ್ನಕ್ಕೆ ಎಸರಿಡುವ ಹೊತ್ತು. ಮೂರು ತಲೆಮಾರಿನ ಹೆಂಗಸರು ಆ ಚುಕ್ಕಿ ನೋಡಿ ಅನ್ನ ಮಾಡಿದ್ದರು. ಮಳೆಗಾಲದಲ್ಲಿ ಮಾತ್ರ ಅದಕ್ಕೆ ರಜೆ, ಆಗ ಹೊಟ್ಟೆಯೇ ಗಡಿಯಾರ. ಮುಳುಗಡೆಯ ಪಟ್ಟಿ ಬರೆಯಲು ಬಂದವರು ಬಾಗಿಲು, ತೊಲೆ, ಹಲಸಿನ ಮರ ಎಲ್ಲವನ್ನೂ ಬರೆದುಕೊಂಡಿದ್ದರು. ಗೋಡೆಯ ಮೇಲೆ ಓಡಾಡುವ ಕೆಂಪು ಚುಕ್ಕಿಗೆ ಅವರ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಬಂದ ದಿನದಿಂದ ಮುದುಕಿ ಕಲ್ಲು ಹಿಡಿದುಕೊಂಡು ಮಗಳ ಮನೆಯ ಕಿಟಕಿಯಿಂದ ಕಿಟಕಿಗೆ ಓಡಾಡತೊಡಗಿದಳು. ಇದ್ದದ್ದೇ ಎರಡು ಕಿಟಕಿ, ಎರಡೂ ಮೂಡಣಕ್ಕೆ. ಮಗಳು ಹಾಲಮ್ಮ ಅಂಗಲಾಚಿದಳು.

"ಗಂಟು ಬಿಚ್ಚೇ ಅವ್ವ. ಬಂದು ಎಂಟು ದಿನ ಆತು. ನೋಡ್ದೋರು ಬಸ್ ಸ್ಟ್ಯಾಂಡು ಅಂದ್ಕೊಳ್ತಾರೆ."

"ಹೊತ್ತು ಗೊತ್ತಾಗದ ಮನೇಲಿ ಹೆಂಗಿರ್ಲಿ ಮಾರಾಯ್ತಿ? ಹುಣ್ಣಿಮೆವರೆಗೆ ನೋಡ್ತೀನಿ. ಚುಕ್ಕಿಗೆ ಜಾಗ ಸಿಕ್ಕಿದ್ರೆ ಬಿಚ್ತೀನಿ. ಇಲ್ಲಾಂದ್ರೆ ಹೊಸನಗರಕ್ಕೆ ಹೋಗ್ತೀನಿ, ಬೆಳ್ಳಪ್ಪ ಬರ್ತಾನೆ ಕರ್ಕೊಂಡು ಹೋಗಕೆ."

ಬೆಳ್ಳಪ್ಪ ಕೆರಿಯಮ್ಮನ ಮಗ. ಅವನ ಮನೆಯಲ್ಲಿ ಒಂಬತ್ತು ಜನ, ಒಂದು ಕೋಣೆ. ಅಲ್ಲಿ ಅವ್ವ ಹೇಗಿರುತ್ತಾಳೆ ಎಂದು ಹಾಲಮ್ಮನಿಗೆ ಊಟವೇ ಸೇರಲಿಲ್ಲ.

ಮಾಸ್ತಪ್ಪನಿಗೆ ಮಾತ್ರ ಗಂಟೂ ಕಾಣಲಿಲ್ಲ, ಹೆಂಡತಿಯ ಮುಖವೂ ಕಾಣಲಿಲ್ಲ. ಅವನಿಗೆ ಕಂಡದ್ದು ಕಲ್ಲು.

"ಕೊಡಿ ಅತ್ತೆ, ಒಂದು ಗಳಿಗೆ" ಎಂದು ಇಸಿದುಕೊಂಡು ಅಂಗೈಯಲ್ಲಿ ಹೊರಳಿಸಿದ. ನುಣುಪು. ಕಿವಿಯ ಹತ್ತಿರ ಕುಲುಕಿದ. ಸದ್ದಿಲ್ಲ, ಅಂದರೆ ಚೆನ್ನಾಗಿ ಒಣಗಿದೆ. ಆಮೇಲೆ ಕಚ್ಚಿದ. ಕಟ್ ಎಂದಿತು. ಪರೀಕ್ಷೆಯಲ್ಲಿ ಕಲ್ಲು ಪಾಸಾಯಿತು, ಹಲ್ಲು ಆಗಲಿಲ್ಲ.

"ಹಶ" ಎಂದ ಮಾಸ್ತಪ್ಪ, ಬಾಯಿಗೆ ಕೈ ಅಡ್ಡ ಹಿಡಿದು.

ಅಲ್ಲಿಂದ ಅವನಿಗೆ ಕನಸುಗಳು ಶುರುವಾದವು. ಮೂಟೆಗಳ ಮೇಲೆ ಕುಳಿತು ಮಧ್ಯಾಹ್ನದ ಹೊತ್ತು ಅವನು ಕಾಣುತ್ತಿದ್ದ ಕನಸುಗಳನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಮೊದಲ ದಿನ ಒಂದು ಟ್ರಾನ್ಸಿಸ್ಟರ್ ರೇಡಿಯೋ. ಎರಡನೇ ದಿನ ರೇಡಿಯೋ ಇಡಲು ಮೇಜು, ಮೇಜಿಗೊಂದು ಮನೆ, ಮನೆಗೆ ಮಹಡಿ. ಮೂರನೇ ದಿನಕ್ಕೆ ಸ್ವಂತ ಮಂಡಿಯಾಗಿ, ಅದರ ಮೇಲೆ 'ಮಾಸ್ತಪ್ಪ ಅಂಡ್ ಸನ್ಸ್' ಎಂಬ ಬೋರ್ಡು ಮೋಡದ ಹಾಗೆ ತೇಲುತ್ತಿತ್ತು. ಅವನಿಗೆ ಇದ್ದವರು ಇಬ್ಬರು ಹೆಣ್ಣುಮಕ್ಕಳು. ಆದರೆ ಕನಸಿನಲ್ಲಿ ಯಾರು ಎಣಿಸುತ್ತಾರೆ?

ಅತ್ತೆಯನ್ನೂ ಅವನು ಮರೆತಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು.

"ಕಲ್ಲು ಮಾರಿದ್ರೆ ನಿಮಗೊಂದು ಗೋಡೆ ಗಡಿಯಾರ ತರ್ತೀನಿ ಅತ್ತೆ. ಗಂಟೆಗೊಂದ್ಸಲ ಟಣ್ ಅಂತದೆ."

"ಯಾಕೆ, ಬೈತದಾ?"

"ಹೊತ್ತು ಹೇಳ್ತದೆ."

"ನಮ್ಮದು ಸುಮ್ನೇ ಹೇಳ್ತಿತ್ತಪ್ಪ" ಎಂದಳು ಕೆರಿಯಮ್ಮ. "ತೋರಿಸ್ಕೊಂಡು ಬಾ ಬೇಕಾದ್ರೆ. ಹುಣ್ಣಿಮೆಗೆ ಮೊದ್ಲು ನನ್ನ ಕೈಗೆ ಬರ್ಬೇಕು."

ಬೀದಿಯ ತುದಿಯಲ್ಲಿ ಸುಬ್ಬರಾಯ ಶೇಟರ ಅಕ್ಕಸಾಲೆ ಅಂಗಡಿ. ಶೇಟರು ಕಲ್ಲನ್ನು ಒರೆಸಿ, ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಸೂರ್ಯನ ಕಡೆ ತಿರುಗಿದರು. ತಿರುಗಿದವರು ಹಾಗೇ ನಿಂತುಬಿಟ್ಟರು. ಮೂಸೆಯಲ್ಲಿ ಯಾರದೋ ಮೂಗುಬಟ್ಟು ಕರಗುತ್ತಿತ್ತು.

"ಶೇಟ್ರೇ?"

"ತಡಿ ಮಾರಾಯ. ಎದುರಿನ ಹುಣಸೆಮರ ಪೂರಾ ಹೂ ಬಿಟ್ಟಿದೆ."

ಹುಣಸೆಮರದಲ್ಲಿ ಹೂವಿರಲಿಲ್ಲ. ಆದರೂ ಅಂಗಡಿಯ ಮುಂದೆ ಜನ ಸೇರಿತು, ಕಲ್ಲು ಕೈಯಿಂದ ಕೈಗೆ ಹೋಯಿತು. ಅಡಿಕೆ ಸುಲಿದು ಬೇಯಿಸಿ ಕೊಡುವ ದುಗ್ಗಮ್ಮ ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿ ಉಸಿರು ಬಿಟ್ಟಳು.

"ನಮ್ಮನೆಯವ್ರು ಕಂಡ್ರು."

ದುಗ್ಗಮ್ಮನ ಗಂಡ ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷವಾಗಿತ್ತು.

"ಬರ್ತಾ ಇದ್ರಾ?" ಎಂದು ಯಾರೋ ಕೇಳಿದರು.

"ಇಲ್ಲ, ಹೋಗ್ತಾನೇ ಇದ್ರು. ಆದ್ರೂ ಕೆಂಪಗೆ ಚೆಂದ ಕಾಣ್ತಿದ್ರು."

ಶೇಟರು ಕಲ್ಲು ವಾಪಸು ಕೊಡುತ್ತಾ ಹೇಳಿದರು: "ಬೆಲೆ ಕಟ್ಟೋದು ನನ್ನ ಕೈಲಾಗಲ್ಲ. ನಾನು ಬಂಗಾರದವನು. ತೀರ್ಥಹಳ್ಳೀಲಿ ನಾಗರಾಜಪ್ಪ ಅಂತ ಇದ್ದಾರೆ, ಕಲ್ಲು ನೋಡೋದ್ರಲ್ಲೇ ತಲೆ ನರೆತವರು. ಅವರಿಗೆ ತೋರಿಸು. ಇದ್ದ ಹಾಗೇ ತಗೊಂಡು ಹೋಗು. ಏನೂ ಮಾಡಕ್ಕೆ ಹೋಗಬೇಡ."

ಮಾಸ್ತಪ್ಪ ನಕ್ಕ. ಇದ್ದ ಹಾಗೇ ಮಾಲು ತಂದವರ ಗತಿ ಏನಾಗುತ್ತದೆಂದು ಅವನು ಇಪ್ಪತ್ತು ವರ್ಷದಿಂದ ಕಂಡಿದ್ದ. ಶೇಟರಿಗೆ ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿದ.

ಅಷ್ಟರಲ್ಲಿ ಸುದ್ದಿ ಊರು ಸುತ್ತಿತ್ತು. ಬೀದಿ ದಾಟುವಾಗ ಅದು ಮಾಣಿಕ್ಯ. ಪೇಟೆ ದಾಟುವಾಗ ನಗರದ ಕೋಟೆಯ ಮಾಣಿಕ್ಯ. ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಬಿದನೂರಿನ ರಾಣಿಯ ಮೂಗಿನಿಂದಲೇ ಬಿದ್ದದ್ದು. ಅಡಿಕೆ ಗಾತ್ರದ ಕಲ್ಲು ಹೊರುವ ಮೂಗು ಎಷ್ಟು ದೊಡ್ಡದಿರಬೇಕು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮರುದಿನವೇ ಚಂದ್ರಯ್ಯ ಎಂಬ ಸರ್ಕಾರಿ ಗುಮಾಸ್ತರು ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದರು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕಿತ್ತಂತೆ.

"ಎಲ್ಲಿ ಸಿಕ್ಕಿತು ಅಜ್ಜಿ?"

"ಸಿಕ್ಕಿದ್ದಲ್ಲ, ಇತ್ತು. ನಮ್ಮನೆ ಗೋಡೇಲಿ."

"ಗೋಡೆ ಎಲ್ಲಿದೆ?"

"ನೀರಿನಡಿ."

ಚಂದ್ರಯ್ಯ ಲೇಖನಿ ನಿಲ್ಲಿಸಿದರು. "ಸ್ಥಳ ತನಿಖೆ ಆಗಬೇಕಲ್ಲ."

"ಹೋಗಿ ಮುಳುಗಿ ಬಾ ಹಂಗಾರೆ. ಅಡಿಗೆಮನೆ ಎಡಗಡೆ. ಬಾಗ್ಲು ಗಿಡ್ಡ ಇದೆ, ತಲೆ ತಗ್ಗಿಸ್ಕೋ."

ಚಂದ್ರಯ್ಯ ಗಂಭೀರವಾಗಿ ಬರೆದುಕೊಂಡರು: 'ಸ್ಥಳ ಜಲಾವೃತ. ನೀರು ಇಳಿದ ನಂತರ ಪರಿಶೀಲಿಸುವುದು.' ಕಲ್ಲಿನ ಬೆಲೆಯ ಕಾಲಂ ಖಾಲಿ ಉಳಿಯಿತು. "ಕಣ್ಣಿನಿಂದ ಒಮ್ಮೆ ನೋಡಿದೆ ಅಂತ ಬರೀಬೇಕು" ಎಂದು ಕಲ್ಲು ಇಸಿದುಕೊಂಡು ಬಿಸಿಲಿಗೆ ಹಿಡಿದರು. ಅವರ ಮುಖ ಸಡಿಲವಾಯಿತು. ಕಲ್ಲಿನೊಳಗೆ ಅವರ ಹಳೇ ಕಚೇರಿಗೆ ಹೊಸ ಹೆಂಚು ಹೊದಿಸಿದ್ದಾರೆ, ಬಾಗಿಲಲ್ಲಿ ಸಾಹೇಬರು ನಿಂತು ಚಂದ್ರಯ್ಯನವರೇ ಬನ್ನಿ ಎನ್ನುತ್ತಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಸಾಹೇಬರು ಒಮ್ಮೆಯೂ 'ಬನ್ನಿ' ಎಂದಿರಲಿಲ್ಲ. ಗುಮಾಸ್ತರು ಫೈಲು ಮರೆತು ಹೋದರು. ಅರ್ಧ ದಾರಿಯಿಂದ ಬಂದು ಒಯ್ದರು.

"ಬೆಲೆ ಗೊತ್ತಾದ ಕೂಡಲೇ ತಿಳಿಸಿ" ಎಂದರು ಮಾಸ್ತಪ್ಪನಿಗೆ. ಈಗ ಸರ್ಕಾರವೇ ಅವನ ಮಾತಿಗೆ ಕಾಯುತ್ತಿತ್ತು.

ಮಾಸ್ತಪ್ಪ ಸೀದಾ ದುಗ್ಗಮ್ಮನ ಒಲೆಯ ಹತ್ತಿರ ಹೋದ. ಅಡಿಕೆ ಬೇಯಿಸಿದ ನೀರು ಸಲ ಸಲಕ್ಕೂ ಮಂದವಾಗಿ ಕೆಂಪು ಕಷಾಯವಾಗುತ್ತದಲ್ಲ, ಆ ಚೊಗರು ಬಿದ್ದ ಮೇಲೇ ಅಡಿಕೆಗೆ ಬಣ್ಣ, ಹೊಳಪು, ಮರ್ಯಾದೆ.

"ಅಕ್ಕಾ, ಹಳೇ ಚೊಗರು ಇದ್ರೆ ಒಂದು ಚೊಂಬು ಕೊಡು."

"ಎಷ್ಟು ಅಡಿಕೆ ಬೇಯಿಸ್ತೀಯಾ?"

"ಒಂದು."

ದುಗ್ಗಮ್ಮ ಅವನ ಮುಖ ನೋಡಿದಳು. "ಒಂದು ಕೊಳಗವಾ?"

"ಒಂದು."

ಮೂರು ಕುದಿ ಬೇಯಿಸಿದ. ಮೂರು ಬಿಸಿಲು ಒಣಗಿಸಿದ. ಕಾಗೆ ಹೊತ್ತೊಯ್ಯಬಾರದೆಂದು ಪಕ್ಕದಲ್ಲಿ ಕೋಲು ಹಿಡಿದು ಕುಳಿತ. ಕೊನೆಗೆ ಒಂದು ತೊಟ್ಟು ಎಳ್ಳೆಣ್ಣೆ ಹಚ್ಚಿ ಉಜ್ಜಿದಾಗ ಕಲ್ಲು ನುಣ್ಣಗೆ ಕಡುಗಂದು ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚಿತು. ಹಾಲಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಳಗೆ ಏನೂ ಕಾಣಲಿಲ್ಲ.

"ಇದೆಂತ ಮಾಡ್ಬಿಟ್ರಿ? ಕತ್ತಲೆ ಆಗದೆ."

"ಒಳಗೆ ಯಾಕೆ ನೋಡ್ತೀಯ? ಮಾಲು ನೋಡೋದು ಹೊರಗೆ" ಎಂದ ಮಾಸ್ತಪ್ಪ.

ಹುಣ್ಣಿಮೆಯ ಹಿಂದಿನ ದಿನ ತೀರ್ಥಹಳ್ಳಿಗೆ ಹೊರಟ. ಕಲ್ಲನ್ನು ವೀಳ್ಯದೆಲೆಯಲ್ಲಿ ಸುತ್ತಿ ಅಂಗವಸ್ತ್ರದಲ್ಲಿ ಇಟ್ಟಿದ್ದ. ಎಲೆಯಲ್ಲಿ ಸುತ್ತಿದರೆ ಹೊಳಪು ಆರುವುದಿಲ್ಲ ಎಂಬುದು ಅವನ ಲೆಕ್ಕ. ಬಸ್ಸಿನಲ್ಲಿ ಡ್ರೈವರಿನ ಪಕ್ಕದ ಸೀಟು ಸಿಕ್ಕಿತು. ಅಲ್ಲಿಗೆ ಅರ್ಧ ಕನಸು ಕೈಗೂಡಿದಂತಾಗಿ, ಗಾಳಿಗೆ ಕಣ್ಣು ಮುಚ್ಚಿದ. ಮಹಡಿ ಮನೆಯ ಮೆಟ್ಟಿಲು ಹತ್ತತೊಡಗಿದ. ಅರ್ಧ ಹತ್ತಿದ್ದಾಗ ಬಸ್ಸು ಹೊಸನಗರದಲ್ಲಿ ನಿಂತು ಗಿರಿಯಪ್ಪ ಎಂಬ ಮುದುಕರು ಹತ್ತಿ ಪಕ್ಕದಲ್ಲಿ ಕುಳಿತರು. ಮಡಿಲಲ್ಲಿ ಸಡಿಲಾದ ಅಂಗವಸ್ತ್ರದಲ್ಲಿ ಎಲೆ ಕಂಡರು, ಎಲೆಯೊಳಗೆ ಮಿರುಗುವ ಅಡಿಕೆಯನ್ನೂ ಕಂಡರು. ನಿದ್ದೆ ಮಾಡುವವನನ್ನು ಎಬ್ಬಿಸುವುದು ಯಾಕೆಂದು, ತಮ್ಮದೇ ಅಡಕತ್ತರಿ ತೆಗೆದು ನಡುವೆ ಇಟ್ಟು ಒತ್ತಿದರು.

ಟಣ್ಣೆಂದು ಸದ್ದಾಗಿ ಡ್ರೈವರು ಬ್ರೇಕು ಹಾಕಿದ. ಆಕ್ಸಲ್ ಮುರಿಯಿತೆಂದು ಅರ್ಧ ಬಸ್ಸು ಕೆಳಗಿಳಿಯಿತು.

"ಎಂಥ ಅಡಿಕೆನೋ ಮಾರಾಯ ಇದು! ಯಾವ ತೋಟದ್ದು? ನಮ್ಮಪ್ಪನ ಕಾಲದ ಅಡಕತ್ತರಿ!" ಗಿರಿಯಪ್ಪ ಬಾಯಿ ಹಾರಿದ ಅಡಕತ್ತರಿಯನ್ನು ಎತ್ತಿ ತೋರಿಸಿದರು.

ಮಾಸ್ತಪ್ಪ ಗಾಬರಿಯಾಗಿ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಗೀರೂ ಬಿದ್ದಿರಲಿಲ್ಲ. "ಹೆಂಗದೆ ಗಟ್ಟಿ!" ಎಂದು ಬಸ್ಸಿಗೆಲ್ಲ ತೋರಿಸಿದ. ಗಿರಿಯಪ್ಪ ತೀರ್ಥಹಳ್ಳಿಯವರೆಗೆ ಅವನ ಹತ್ತಿರ ಮಾತಾಡಲಿಲ್ಲ.

ನಾಗರಾಜಪ್ಪನವರ ಮನೆ ತುಂಗೆಯ ದಂಡೆಯಲ್ಲಿ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಜಗುಲಿಯ ಮೇಲೆ ಬಿಳಿಯ ಬಟ್ಟೆ ಹಾಸಿ ಕಲ್ಲು ಇಟ್ಟರು. ಭೂತಗನ್ನಡಿಯಲ್ಲಿ ನೋಡಿದರು. ಮೂಸಿದರು. ಮತ್ತೆ ಮೂಸಿದರು.

"ಇದಕ್ಕೆ ಏನಾದರೂ ಮಾಡಿದ್ದೀರಾ? ಕಾಯಿಸೋದು, ಬಣ್ಣ ಕೊಡೋದು, ಎಣ್ಣೆ ಹಚ್ಚೋದು?"

ಮಾಲು ಅರೆಬೆಂದಿದೆಯೆಂದು ತಗಾದೆ ತೆಗೆದು ದರ ಇಳಿಸುವ ವ್ಯಾಪಾರಿಗಳನ್ನು ಮಾಸ್ತಪ್ಪ ಎಷ್ಟು ಕಂಡಿಲ್ಲ? ಎದೆಯುಬ್ಬಿಸಿ ಹೇಳಿದ:

"ಒಂದೂ ಕಮ್ಮಿ ಮಾಡಿಲ್ಲ ಸ್ವಾಮಿ! ಮೂರು ಕುದಿ ಬೇಯಿಸಿದೀನಿ. ಹಳೇ ಚೊಗರು, ನೀರು ಬೆರೆಸಿದ್ದಲ್ಲ. ಮೂರು ಬಿಸಿಲು. ಮೇಲೆ ಎಳ್ಳೆಣ್ಣೆ, ಅದೂ ಗಾಣದ್ದು!"

ನಾಗರಾಜಪ್ಪ ಭೂತಗನ್ನಡಿಯನ್ನು ಕೆಳಗಿಟ್ಟರು.

"ನಲವತ್ತು ವರ್ಷದಿಂದ ಈ ಪ್ರಶ್ನೆ ಕೇಳ್ತಾ ಇದ್ದೀನಿ. ಎಲ್ಲರೂ ಏನೂ ಮಾಡಿಲ್ಲ ಅಂತಲೇ ಹೇಳೋದು, ಮಾಡಿದವರೂ ಕೂಡ. ಮಾಡಿದೆ ಅಂತ ಹೆಮ್ಮೆಯಿಂದ ಹೇಳಿದವರು ನೀವೊಬ್ಬರೇ."

"ಮತ್ತೆ! ಕೆಲಸ ಅಂದ್ರೆ ಕೆಲಸ."

"ಕೂತುಕೊಳ್ಳಿ. ಕಲ್ಲಿಗೆ ಬಣ್ಣ ನೋಡ್ತೀವಿ, ಒಳಗಿನ ತಿಳಿ ನೋಡ್ತೀವಿ, ತೂಕ ನೋಡ್ತೀವಿ. ಎಲ್ಲದಕ್ಕಿಂತ ಮೊದಲು, ಯಾರೂ ಕೈ ಹಾಕಿಲ್ಲ ಅನ್ನೋದನ್ನ ನೋಡ್ತೀವಿ. ಮಣ್ಣು ಹೆಂಗೆ ಕೊಟ್ಟಿತೋ ಹಂಗೇ ಇರಬೇಕು. ಕಾಯಿಸಿ, ಬಣ್ಣ ಹಾಕಿ ಚೆಂದ ಮಾಡಿದ ಕಲ್ಲು ಸಾವಿರ ಸಿಗ್ತವೆ. ತಾನಾಗೇ ಚೆಂದ ಇರೋದು ಅಪರೂಪ."

ಮಾಸ್ತಪ್ಪನ ಮಹಡಿ ಮನೆಯ ಮೆಟ್ಟಿಲುಗಳು ಒಂದೊಂದಾಗಿ ಇಳಿಯತೊಡಗಿದವು.

"ಹಂಗಾದ್ರೆ... ಗೊರಬಲಾ?"

"ಗೊತ್ತಿಲ್ಲ. ಈಗ ನನಗೆ ಕಾಣ್ತಿರೋದು ನಿಮ್ಮ ಚೊಗರು, ಕಲ್ಲಲ್ಲ. ಅಂಟುವಾಳದ ನೊರೆಯಲ್ಲಿ ನೆನೆಸಿ, ಮೆತ್ತಗೆ ತಿಕ್ಕಿ ತೊಳೆಯಿರಿ. ಆಮೇಲೆ ತನ್ನಿ, ನೋಡಿ ಹೇಳ್ತೀನಿ. ಅಂದ ಹಾಗೆ, ಇದು ಮೊದಲು ಎಲ್ಲಿತ್ತು?"

ಮಾಸ್ತಪ್ಪ ಹೇಳಿದ. ಗೋಡೆ, ಬೆಳಕಿಂಡಿ, ಚುಕ್ಕಿ, ಉಪ್ಪಿನ ಮರಿಗೆ. ಹೇಳುತ್ತಾ ಹೇಳುತ್ತಾ ಅವನಿಗೇ ಒಂದು ವಿಚಿತ್ರ ತಿಳಿಯಿತು. ಶೇಟರು ನೋಡಿದ್ದರು, ದುಗ್ಗಮ್ಮ ನೋಡಿದ್ದಳು, ಸರ್ಕಾರ ನೋಡಿತ್ತು. ಮುಟ್ಟಿ, ಕುಲುಕಿ, ಕಚ್ಚಿ, ಬೇಯಿಸಿದ ತಾನು ಮಾತ್ರ ಅದರೊಳಗೆ ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಸಾಗರದಲ್ಲಿ ಇಳಿದು ಮನೆ ಮುಟ್ಟಿದಾಗ ಅಂಗಳದಲ್ಲಿ ಗಂಟು ಇಳಿದಿತ್ತು. ಪಕ್ಕದಲ್ಲಿ ಬೆಳ್ಳಪ್ಪ ನಿಂತಿದ್ದ. ಹಾಲಮ್ಮನ ಕಣ್ಣು ಕೆಂಪಾಗಿತ್ತು. ಬೆಲೆ ಕೇಳಲು ಶೇಟರು, ದುಗ್ಗಮ್ಮ, ಫೈಲು ಸಮೇತ ಚಂದ್ರಯ್ಯ, ನಾನು, ಎಲ್ಲರೂ ಕಾದಿದ್ದೆವು.

"ಎಷ್ಟಂತೆ?" ಎಂದರು ಶೇಟರು.

"ಬಾವಾ, ಐದೂವರೆ ಬಸ್ಸಿಗೆ ಹೋಗ್ಬೇಕು" ಎಂದ ಬೆಳ್ಳಪ್ಪ. "ಅವ್ವನ ಕಲ್ಲು ಕೊಟ್ಬಿಡಿ."

ಮಾಸ್ತಪ್ಪ ಸೀದಾ ಬಚ್ಚಲಿಗೆ ನಡೆದ. "ಅಂಟುವಾಳ!" ಎಂದು ಕೂಗಿದ. ಬಚ್ಚಲ ಕಲ್ಲಿನ ಮೇಲೆ ಕುಳಿತು ತಿಕ್ಕಿದ. ಕಂದು ನೊರೆ ಹರಿಯಿತು, ಆಮೇಲೆ ಕೆನ್ನೊರೆ, ಆಮೇಲೆ ಬಿಳಿ ನೊರೆ. ಎದ್ದು ನಿಂತು ಒಂದು ಕಣ್ಣು ಮುಚ್ಚಿ ಕಲ್ಲನ್ನು ಸೂರ್ಯನಿಗೆ ಹಿಡಿದ. ಹಿಡಿದವನು ಹಾಗೇ ನಿಂತ. ನಾವು ಐದಾರು ನಿಮಿಷ ಕಾದೆವು.

"ಏನು ಕಾಣ್ತದೆ?" ದುಗ್ಗಮ್ಮ ಪಿಸುಗುಟ್ಟಿದಳು. "ರೇಡಿಯೋನಾ?"

ಮಾಸ್ತಪ್ಪ ಕಲ್ಲು ಇಳಿಸಿದ. ಏನು ಕಂಡನೆಂದು ಇವತ್ತಿಗೂ ಹೇಳಿಲ್ಲ. ಸೀದಾ ಹೋಗಿ ಹಾರೆ ತಂದು ತನ್ನದೇ ಅಡಿಗೆಮನೆಯ ಪಡುವಣ ಗೋಡೆಗೆ ಒಂದು ಏಟು ಹಾಕಿದ.

"ಅಯ್ಯೋ, ತಲೆ ಕೆಟ್ಟಿತು!" ಹಾಲಮ್ಮ ಚೀರಿದಳು.

"ಸುಮ್ನಿರು. ಅತ್ತೆ, ಎಷ್ಟೆತ್ತರ?"

ಕೆರಿಯಮ್ಮ ಅಲ್ಲಾಡಲಿಲ್ಲ. ಇನ್ನೊಂದು ಏಟು ಬಿತ್ತು. ಮಣ್ಣಿನ ಇಟ್ಟಿಗೆ ಉದುರಿ ಒಂದು ಮುಷ್ಟಿಯಷ್ಟು ಬೆಳಕು ಒಳಗೆ ಬಂತು. ಮುದುಕಿ ಎದ್ದಳು.

"ಒಂದು ಗೇಣು ಮೇಲೆ."

ಮುಂದಿನ ಅರ್ಧ ಗಂಟೆ ಮಾಸ್ತಪ್ಪ ಹೊರಗೆ ಏಣಿಯ ಮೇಲೆ ಕಲ್ಲು ಹಿಡಿದು ನಿಂತಿದ್ದ. ಒಳಗಿನಿಂದ ಕೆರಿಯಮ್ಮ ದರ್ಜೆ ಹೇಳುವ ಯಜಮಾನಿಯಂತೆ ಕೂಗುತ್ತಿದ್ದಳು.

"ಎಡಕ್ಕೆ. ಅಷ್ಟಲ್ಲ. ಈಗ ಗುಮಾಸ್ತನ ಮೂಗಿನ ಮೇಲೆ ಅದೆ. ಓ ಯಪ್ಪಾ, ಮೂಗು ಸರಿಸು."

ಚಂದ್ರಯ್ಯ ಮೂಗು ಸರಿಸಿದರು. ಕೆಂಪು ಚುಕ್ಕಿ ಅವರ ಕಿವಿಯಿಂದ ಜಾರಿ ಗೋಡೆಯ ಮೇಲೆ ಬಿದ್ದು, ನಡುಗಿ, ನಿಂತಿತು. ಶೇಟರು ತಾವೇ ಮಣ್ಣು ಕಲಸಿ ಕಲ್ಲನ್ನು ಮೆತ್ತಿದರು. ಬಂಗಾರದಲ್ಲಿ ಹರಳು ಕೂರಿಸುವಷ್ಟೇ ನಾಜೂಕಾಗಿ.

ಎಲ್ಲರೂ ನೋಡುತ್ತಾ ಕುಳಿತೆವು. ಚುಕ್ಕಿ ಚಲಿಸುವುದು ಕಾಣುವುದಿಲ್ಲ. ಆದರೆ ಕಣ್ಣು ಮಿಟುಕಿಸಿ ನೋಡಿದರೆ ಇದ್ದಲ್ಲಿ ಇರುವುದಿಲ್ಲ. ಹೊರಗೆ ಐದೂವರೆ ಬಸ್ಸಿನ ಹಾರನ್ ಕೇಳಿಸಿತು. ಬೆಳ್ಳಪ್ಪ ಅವ್ವನ ಮುಖ ನೋಡಿದ. ಅವ್ವ ಗೋಡೆ ನೋಡುತ್ತಿದ್ದಳು. ಬಸ್ಸು ಹೋಯಿತು.

ಆಗ ಕೆರಿಯಮ್ಮ ಅಂಗಳಕ್ಕೆ ಹೋಗಿ ಗಂಟಿನ ಹಗ್ಗ ಬಿಚ್ಚಿದಳು. ಹಳೇ ಸೀರೆ, ಕಂಬಳಿ, ಒಂದು ಸೌಟು ಸರಿಸಿ, ಅಡಿಯಿಂದ ಕರ್ರಗಿನ ಮರದ ಉಪ್ಪಿನ ಮರಿಗೆ ತೆಗೆದಳು. ಗೋಡೆಯ ಹಲಗೆಯ ಮೇಲೆ, ಚುಕ್ಕಿ ಬರುವ ದಾರಿಯಲ್ಲಿ ಇಟ್ಟಳು. ಚುಕ್ಕಿ ಬಂದು ಮುಟ್ಟಿತು.

"ಹಾಲಮ್ಮ, ಎಸರಿಡು" ಎಂದಳು. "ಎಷ್ಟು ಜನ ಇದೀರಿ? ಗುಮಾಸ್ತ, ನೀನೂ ಕೂರು."

ಚಂದ್ರಯ್ಯ ಊಟದ ನಂತರ ಬರೆದ ವರದಿಯನ್ನು ನನಗೆ ಓದಿ ತೋರಿಸಿದರು: 'ಸದರಿ ಕಲ್ಲು ಮೊದಲು ಗೋಡೆಯಲ್ಲಿದ್ದು, ಈಗಲೂ ಗೋಡೆಯಲ್ಲಿರುವುದರಿಂದ, ನಿಧಿ ಸಿಕ್ಕಿದೆ ಎನ್ನಲು ಆಧಾರವಿಲ್ಲ.'

ಮಾಘದಲ್ಲಿ ಯಾವುದೋ ಮದುವೆಗೆ ಸಾಗರಕ್ಕೆ ಬಂದ ನಾಗರಾಜಪ್ಪನವರು, ಕಲ್ಲು ಮರಳಿ ಬರಲೇ ಇಲ್ಲವಲ್ಲ ಎಂದು ಹುಡುಕಿಕೊಂಡು ಬಂದರು. ಹೊತ್ತು ಇಳಿಯುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಚುಕ್ಕಿಯನ್ನು ನೋಡಿದರು. ಜೇಬಿನಿಂದ ಭೂತಗನ್ನಡಿ ತೆಗೆದರು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು ಮತ್ತೆ ಜೇಬಿಗೆ ಹಾಕಿದರು.

ಮಾಸ್ತಪ್ಪನಿಗೆ ತಡೆಯಲಾಗಲಿಲ್ಲ. "ಈಗ ಹೇಳಿ ಸ್ವಾಮಿ. ತೊಳೆದಿದೀನಿ. ಹೆಂಗದೆ?"

"ಮಾಸ್ತಪ್ಪನವರೇ, ನಿಮ್ಮ ಮಂಡೀಲಿ ಮೊದಲ ದರ್ಜೆಗೆ ಏನಂತೀರಿ?"

"ಹಸ."

"ಹಾಗಾದರೆ ಹಸ" ಎಂದು ಚಪ್ಪಲಿ ಬಿಟ್ಟು, ಎಲೆಯ ಮುಂದೆ ಕುಳಿತರು. ಚುಕ್ಕಿ ಮರಿಗೆಯನ್ನು ದಾಟಿ ಮೇಲೇರಿತ್ತು. ಅನ್ನ ಬೆಂದಿತ್ತು.